ಬೊಡ್ಡೆ ಕಿತ್ತ ದಿನ

ಕೈತೋಟದ ಮೂಲೆಯಲ್ಲಿದ್ದ ಮರದ ಬೊಡ್ಡೆಯನ್ನು ಇಂದು ಕಿತ್ತು ಮುಗಿಸಿದೆವು. ಮರ ಕಡಿಯುವಾಗಲೇ ಎದೆಯೆತ್ತರದ ಕಾಂಡ ಉಳಿಸಿಕೊಂಡಿದ್ದೆವು. ಬೇರನ್ನು ಅಲುಗಾಡಿಸಲು ಅದೇ ಸನ್ನೆಗೋಲಾಯಿತು. ನೆಲಮಟ್ಟಕ್ಕೆ ಕತ್ತರಿಸಿಬಿಟ್ಟರೆ ಹಿಡಿಯುವುದಕ್ಕೆ ಏನೂ ಸಿಗುವುದಿಲ್ಲ. ಸುತ್ತ ಅಗೆದು, ಬೇರಿಗೆ ಮೆತ್ತಿದ ಮಣ್ಣನ್ನು ನೀರು ಬಿಟ್ಟು ತೊಳೆದ ಮೇಲೆಯೇ ಕೊಡಲಿ ಎತ್ತಬೇಕು, ಇಲ್ಲವಾದರೆ ಅಲಗು ಬೇಗ ಮೊಂಡಾಗುತ್ತದೆ.

ನನಗೆ ಬೆರಗು ಹುಟ್ಟಿಸಿದ್ದು ಬೇರುಗಳು ಹರಡಿದ ರೀತಿ. ಆಳಕ್ಕಿಂತ ಅಗಲಕ್ಕೇ ಹೆಚ್ಚು! ಸಾಮಾನ್ಯವಾಗಿ ಮರದ ಬಹುಪಾಲು ಬೇರುಗಳು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ಗಾಳಿ, ನೀರು ಚೆನ್ನಾಗಿ ಸಿಗುವುದು ಅಲ್ಲಿಯೇ. ಮರ ಹೋದ ಮೇಲೂ ಬೇರಿನಲ್ಲಿ ಕೂಡಿಟ್ಟ ಪಿಷ್ಟದ ಬಲದಿಂದ ಬೊಡ್ಡೆ ಚಿಗುರುತ್ತಲೇ ಇತ್ತು. ಆ ಚಿಗುರನ್ನು ಮುರಿಯುವಾಗಲೆಲ್ಲ ಮನಸ್ಸಿಗೆ ಹಿಂಸೆಯಾಗುತ್ತಿತ್ತು. ಕಡಿದ ಮೇಲೂ ಬದುಕಲು ಹೊರಟ ಜೀವ ಅದು.

ಜಾಗದ ಅಗತ್ಯವಿಲ್ಲದವರು ಬೊಡ್ಡೆಯನ್ನು ಹಾಗೆಯೇ ಬಿಡುವುದು ಒಳ್ಳೆಯದೆಂದು ನನ್ನ ಅನಿಸಿಕೆ. ಶಿಲೀಂಧ್ರಗಳೂ ಜೀರುಂಡೆಯ ಮರಿಹುಳುಗಳೂ ವರ್ಷಗಟ್ಟಲೆ ಅದನ್ನು ತಿಂದು ಮಣ್ಣು ಮಾಡುತ್ತವೆ. ಮನೆಯ ಗೋಡೆಗೆ ಹತ್ತಿರವಿದ್ದರೆ ಮಾತ್ರ ಗೆದ್ದಲಿನ ಭಯ. ನಮ್ಮದು ಗೋಡೆಗೆ ತಾಗಿಕೊಂಡೇ ಇತ್ತು. ಗುಂಡಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿದ್ದೇವೆ. ಅದು ಕುಸಿದು ಗಟ್ಟಿಯಾಗುವ ತನಕ ಅಲ್ಲಿ ಏನನ್ನೂ ನೆಡುವುದಿಲ್ಲ.