ಎಡಕ್ಕೆ ಎಳೆಯುವ ಸ್ಟೇರಿಂಗ್ ಬೇರೆ, ಎಮಿಷನ್ ರೀಕಾಲ್ ಬೇರೆ

ಕುಶಾಲನಗರದಲ್ಲಿ ವೀಲ್ ಅಲೈನ್‌ಮೆಂಟ್, ಸಸ್ಪೆನ್ಷನ್ ಕೆಲಸ ಮಾಡುವವನು ನಾನು. ಮಳೆಗಾಲ ಮುಗಿದ ಮೇಲೆ ನಮಗೆ ಪುರುಸೊತ್ತಿರುವುದಿಲ್ಲ. ಗುಂಡಿ ರಸ್ತೆ, ಎಸ್ಟೇಟ್ ಒಳಗಿನ ಕಲ್ಲುದಾರಿ, ಸಂಪಾಜೆ ಘಾಟಿ, ಎಲ್ಲದರ ಏಟು ತಿಂದ ಗಾಡಿಗಳು ಬರುತ್ತವೆ. ಸೆಕೆಂಡ್ ಹ್ಯಾಂಡ್ ಕಾರುಗಳೇ ಜಾಸ್ತಿ. ಬಂದವರೆಲ್ಲ ಹೇಳುವುದು ಒಂದೇ: "ಗಾಡಿ ಎಡಕ್ಕೆ ಎಳೀತಿದೆ, ಅಲೈನ್‌ಮೆಂಟ್ ಮಾಡಿಬಿಡಿ."

ಹಾಗೆ ಹೇಳಿದ ಕೂಡಲೇ ಗಾಡಿಯನ್ನು ಮಷಿನ್ ಮೇಲೆ ಹತ್ತಿಸುವುದಿಲ್ಲ. ಮೊದಲು ನಾಲ್ಕೂ ಟಯರಿನ ಗಾಳಿ ನೋಡುತ್ತೇನೆ. ಅರ್ಧ ಗಾಡಿಗಳ ಕಾಯಿಲೆ ಅಲ್ಲೇ ಸಿಗುತ್ತದೆ ಎಂದರೆ ನಗಬೇಡಿ. ಆಮೇಲೆ ಕಾವೇರಿ ಸೇತುವೆ ದಾಟಿ ಕೊಪ್ಪದ ಕಡೆ ಒಂದು ಸುತ್ತು. ನಮ್ಮ ರಸ್ತೆಗಳು ನೀರು ಹರಿದುಹೋಗಲೆಂದು ಅಂಚಿಗೆ ವಾಲಿರುತ್ತವೆ. ನಾವು ಓಡಿಸುವುದು ಎಡಬದಿಯಲ್ಲಿ. ಹಾಗಾಗಿ ಒಳ್ಳೇ ಗಾಡಿಯೂ ಸ್ವಲ್ಪ ಎಡಕ್ಕೆ ಸರಿಯುತ್ತದೆ. ಸಮತಟ್ಟಾದ ಜಾಗದಲ್ಲಿ ನೋಡದೆ ಏನೂ ಹೇಳಬಾರದು.

ಹೋದ ಸಲ ಶನಿವಾರಸಂತೆ ಕಡೆಯ ರಿಟೈರ್ಡ್ ಮೇಷ್ಟ್ರೊಬ್ಬರು ಬಂದಿದ್ದರು. ಫೋಕ್ಸ್‌ವ್ಯಾಗನ್ ಗುಂಪಿನ 2013ರ ಡೀಸೆಲ್ ಕಾರು, ಬೆಂಗಳೂರಿನಿಂದ ತಂದದ್ದು, ಇವರು ಮೂರನೇ ಮಾಲೀಕರು. ಎಳೆತದ ಜೊತೆ ಇನ್ನೊಂದು ಚಿಂತೆಯನ್ನೂ ತಂದಿದ್ದರು. "ಏನಪ್ಪಾ, ಈ ಇಂಜಿನ್ ಹೊಗೆ ವಿಷಯದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದದ್ದಂತೆ. ಅಳಿಯ ಫೋನಲ್ಲಿ ಹೇಳಿದ. ಅದಕ್ಕೇ ಹೀಗೆ ಎಳೀತಿದೆಯೋ ಏನೋ?"

"ಮೇಷ್ಟ್ರೇ, ಎರಡಕ್ಕೂ ಸಂಬಂಧವೇ ಇಲ್ಲ. ಮೊದಲು ಚಕ್ರ ನೋಡೋಣ ಬನ್ನಿ," ಎಂದೆ.

ಅವರ ಗಾಡಿ ನೇರವಾಗಿ ಹೋಗುವಾಗ ಸ್ವಲ್ಪ, ಬ್ರೇಕ್ ಹಾಕಿದಾಗ ಜೋರಾಗಿ ಎಡಕ್ಕೆ ಎಳೆಯುತ್ತಿತ್ತು. ಇದನ್ನು ಬೇರ್ಪಡಿಸಿ ನೋಡುವುದೇ ಕೆಲಸ. ಮುಂದಿನ ಎರಡು ಟಯರ್‌ಗಳನ್ನು ಎಡಬಲ ಅದಲುಬದಲು ಮಾಡಿದೆ. ಒಂದೇ ದಿಕ್ಕಿಗೆ ತಿರುಗಬೇಕೆಂದು ಬಾಣದ ಗುರುತಿರುವ ಟಯರಿಗೆ ಹೀಗೆ ಮಾಡಬಾರದು, ಇವಕ್ಕೆ ಗುರುತಿರಲಿಲ್ಲ. ಮತ್ತೆ ಓಡಿಸಿದರೆ ಸುಮ್ನೆ ಹೋಗುವಾಗಿನ ಎಳೆತ ಬಲಕ್ಕೆ ತಿರುಗಿತ್ತು. ಅಂದರೆ ಅದು ಟಯರಿನದು. ಒಳಗಿನ ಬೆಲ್ಟ್ ಸ್ವಲ್ಪ ಓರೆಯಾಗಿ ಕೂತ ಟಯರ್ ಹೀಗೆ ಮಾಡುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅವನ್ನು ಹಿಂದಕ್ಕೆ ಹಾಕಿದರೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ಬ್ರೇಕ್ ಹಾಕಿದಾಗಿನ ಎಳೆತ ಮಾತ್ರ ಎಡಕ್ಕೇ ಉಳಿಯಿತು. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಹಿಡಿದುಕೊಂಡಿದೆಯೋ ಎಂದು ಎರಡೂ ರಿಮ್ ಹತ್ತಿರ ಕೈ ಹಿಡಿದು ನೋಡಿದೆ. ಬಿಸಿ ಸಮವಾಗಿತ್ತು. ಗಾಡಿ ಎತ್ತಿ ಎಡಗಡೆಯ ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಹಿಂದಿನ ರಬ್ಬರ್ ಬುಷ್‌ಗೆ ಟಾಮಿ ಕೊಟ್ಟು ಅಲುಗಿಸಿದೆ. ರಬ್ಬರ್ ಅರ್ಧಚಂದ್ರದ ಹಾಗೆ ಹರಿದು ಬಾಯಿ ಬಿಟ್ಟಿತು, ಆರ್ಮ್ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ಬ್ರೇಕ್ ತುಳಿದಾಗ ಆ ಚಕ್ರ ಹಿಂದಕ್ಕೆ ಸರಿಯುತ್ತದೆ, ಕ್ಯಾಸ್ಟರ್ (ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಕಮ್ಮಿಯಾಗುತ್ತದೆ, ಗಾಡಿ ಆ ಕಡೆಗೇ ವಾಲುತ್ತದೆ. ಗಾಡಿ ನಿಂತಿರುವಾಗ ಅಲೈನ್‌ಮೆಂಟ್ ಮಷಿನ್ ಶೀಟಿನಲ್ಲಿ ಎಲ್ಲಾ ಹಸಿರು, ಅಂದರೆ ಸರಿ, ಎಂದು ಬಂದರೂ ಆಶ್ಚರ್ಯವಿಲ್ಲ. ಅದಕ್ಕೇ ಬುಷ್ ಬದಲಿಸಿದ ಮೇಲೆಯೇ ನನ್ನ ಅಲೈನ್‌ಮೆಂಟ್. ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಹೊಂದಿಸಿದರೆ ಸ್ಟೇರಿಂಗ್ ನೇರ ನಿಲ್ಲುತ್ತದೆ, ಟಯರ್ ಸವೆತ ನಿಲ್ಲುತ್ತದೆ. ಆದರೆ ಎಳೆತಕ್ಕೆ ಟೋ ಮದ್ದಲ್ಲ. ಬರೀ ಟೋ ತಿರುಗಿಸಿ ದುಡ್ಡು ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಅಳಿಯ ಹೇಳಿದ ವಿಷಯ. ಅಮೆರಿಕದಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದದ್ದು ಅದು. ಟೆಸ್ಟ್ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಹೊಗೆ ಕಮ್ಮಿ ತೋರಿಸುವ ಸಾಫ್ಟ್‌ವೇರ್ ಕೆಲವು ಡೀಸೆಲ್ ಇಂಜಿನ್‌ಗಳಲ್ಲಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಗುಂಪು ಭಾರತದಲ್ಲೂ ಇಎ189 ಎಂಬ ಡೀಸೆಲ್ ಇಂಜಿನ್‌ನ 3,23,700 ಕಾರುಗಳನ್ನು ಸರಿಪಡಿಸಲು ವಾಪಸು ಕರೆಯುವುದಾಗಿ, ಅಂದರೆ ರೀಕಾಲ್ ಮಾಡುವುದಾಗಿ, ಹೇಳಿತು. 2008ರಿಂದ 2015ರ ನವೆಂಬರ್‌ವರೆಗೆ ತಯಾರಾದವು, ಸ್ಕೋಡಾ ಮತ್ತು ಆಡಿ ಸೇರಿ. 2019ರ ಮಾರ್ಚ್‌ನಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ದಂಡ ಹಾಕಿದ ಸುದ್ದಿ ಬಂತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ದಂಡ ಕಂಪನಿಗೆ, ಕಾರಿನ ಮಾಲೀಕರಿಗಲ್ಲ.

ಮೇಷ್ಟ್ರು ಜೇಬಿನಿಂದ ಎಮಿಷನ್ ಸರ್ಟಿಫಿಕೇಟ್ ತೆಗೆದು ತೋರಿಸಿದರು. "ಇದು ಪಾಸ್ ಆಗಿದೆಯಲ್ವಾ, ಹಾಗಾದರೆ ರೀಕಾಲ್ ಕೆಲಸ ಆಗಿದೆ ಅಂತ ತಾನೇ?" ಹೆಚ್ಚಿನವರು ಇಲ್ಲೇ ಎಡವುತ್ತಾರೆ. ನಮ್ಮ ಎಮಿಷನ್ ಸೆಂಟರಿನಲ್ಲಿ ಡೀಸೆಲ್ ಗಾಡಿಗೆ ನೋಡುವುದು ಕಪ್ಪು ಹೊಗೆ ಎಷ್ಟು ದಟ್ಟ ಅಂತ. ಆಕ್ಸಿಲರೇಟರ್ ತುಳಿಸಿ ಅಳೆಯುತ್ತಾರೆ, ಬಿಎಸ್4 (ಭಾರತ್ ಸ್ಟೇಜ್ 4 ಎಂಬ ಸರ್ಕಾರಿ ಹೊಗೆ ನಿಯಮ) ಗಾಡಿಗೆ ದಟ್ಟಣೆಯ ಮಿತಿ 1.62, ಅದಕ್ಕಿಂತ ಹಳೆಯದಕ್ಕೆ 2.45. ರೀಕಾಲ್ ಆದದ್ದು ನೈಟ್ರೋಜನ್ ಆಕ್ಸೈಡ್ ವಿಷಯಕ್ಕೆ. ಅದು ಕಣ್ಣಿಗೆ ಕಾಣುವ ಹೊಗೆಯಲ್ಲ, ಆ ಮಷಿನ್ ಅದನ್ನು ಅಳೆಯುವುದೂ ಇಲ್ಲ. ರೀಕಾಲ್ ಕೆಲಸ ಆಗದ ಗಾಡಿಯೂ ಪಾಸ್ ಆಗಬಹುದು, ಆದ ಗಾಡಿಯೂ ಇಂಜೆಕ್ಟರ್ ಕೆಟ್ಟಿದ್ದರೆ ಫೇಲ್ ಆಗಬಹುದು. (ಬೆಂಗಳೂರಿಗೆ ಬಿಎಸ್4 ಬಂದದ್ದು 2010ರಲ್ಲಿ, ಇಡೀ ದೇಶಕ್ಕೆ 2017ರಲ್ಲಿ. ಹಾಗಾಗಿ ಕೊಡಗಿನ ಕೆಎ 12 ನಂಬರಿನ 2013ರ ಕಾರು ಬಿಎಸ್3 ಆಗಿರಲೂ ಸಾಕು. ಆರ್‌ಸಿ ನೋಡಿ.)

ರೀಕಾಲ್ ಆಗಿದೆಯೋ ಇಲ್ಲವೋ ಹೇಳುವುದು ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿಸ್ ನಂಬರ್. ಅದನ್ನು ಆ ಕಂಪನಿಯ ಸರ್ವಿಸ್ ಸೆಂಟರಿಗೆ ಕೊಟ್ಟು ಕೇಳಿ. ಬಾಕಿ ಇದ್ದರೆ ಮಾಲೀಕರ ಖರ್ಚಿಲ್ಲದೆ ಮಾಡಿಕೊಡಬೇಕು, ಎಷ್ಟನೇ ಮಾಲೀಕ ಎನ್ನುವುದು ಲೆಕ್ಕಕ್ಕಿಲ್ಲ. ರೀಕಾಲ್‌ನಲ್ಲಿ ಕೊಡುವ ಹೊಸ ಸಾಫ್ಟ್‌ವೇರ್ ಹಾಕಿಸಿದರೆ ಪಿಕಪ್ ಸತ್ತುಹೋಗುತ್ತದೆ, ಮೈಲೇಜ್ ಬರುವುದಿಲ್ಲ ಎಂದು ಹೆದರಿ ಹಾಕಿಸದೇ ಇದ್ದವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಇಜಿಆರ್ ವಾಲ್ವಿನ ಮಸಿ ನೋಡಿಸಿ, ಆಮೇಲೆ ಹಾಕಿಸಿ. ಹೊಗೆಯನ್ನು ಮತ್ತೆ ಇಂಜಿನ್‌ಗೆ ಕಳಿಸುವ ಆ ವಾಲ್ವ್ ಕಟ್ಟಿಕೊಂಡಿದ್ದರೆ ಬೈಗುಳವೆಲ್ಲ ಸಾಫ್ಟ್‌ವೇರಿಗೇ ಬೀಳುತ್ತದೆ.

ಮೇಷ್ಟ್ರಿಗೆ ರೀಕಾಲ್ ವಿಷಯ ಗೊತ್ತೇ ಆಗದಿದ್ದದ್ದಕ್ಕೆ ಕಾರಣ ಸುಲಭ. ಕಂಪನಿಯ ಪುಸ್ತಕದಲ್ಲಿ ಇನ್ನೂ ಮೊದಲ ಮಾಲೀಕರ ಫೋನ್ ನಂಬರೇ ಇತ್ತು. ಆರ್‌ಸಿ ಹೆಸರು ಬದಲಾದರೂ ಸರ್ವಿಸ್ ಸೆಂಟರಿನಲ್ಲಿ ತಾನಾಗಿ ಬದಲಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಆ ನಂಬರ್ ತಿದ್ದಿಸಿಕೊಳ್ಳಿ, ಕೆಲಸ ಮುಗಿದ ಮೇಲೆ ಜಾಬ್ ಕಾರ್ಡಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ನಾಳೆ ನೀವು ಮಾರುವಾಗ ಕೊಳ್ಳುವವರು ಅದನ್ನೇ ಕೇಳುತ್ತಾರೆ.