ಯಾಕೆ, ಮಗ ನೋಡ್ಕೊಳ್ಳಲ್ವಾ?

ನೋಡ್ಕೋತಾನೆ. ಮುಗೀತು. ಇಷ್ಟು ಕೇಳೋಕೆ ಬಂದವರು ಇಲ್ಲಿಂದಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ಉಳಿದವರಿಗೆ ಸ್ವಲ್ಪ ವಿವರ. ನನಗೀಗ 72. ಹಾಸನದಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಮೊದಲು ಪರ ಊರಿನ ಕಾಲಿಗೆ ಕೈಯಿಂದಲೇ ಲೈನ್ ಕೊಡೋ ಟ್ರಂಕ್ ಬೋರ್ಡು, ಎಸ್‌ಟಿಡಿ ಬಂದು ಟ್ರಂಕ್ ಕಾಲ್ ಸತ್ತ ಮೇಲೆ 197, ಅಂದರೆ ಯಾರದಾದರೂ ಫೋನ್ ನಂಬರ್ ಕೇಳಿದರೆ ಹುಡುಕಿ ಹೇಳೋ ಡೆಸ್ಕು. ಸುಮಾರು ನಲವತ್ತು ವರ್ಷ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಊರವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವಳು. ರಿಟೈರಾದ ಮೇಲೆ ಯಾರಿಗೂ ಉತ್ತರ ಕೊಡೋ ಹಂಗಿಲ್ಲ ಅಂದುಕೊಂಡಿದ್ದೆ. ಮೂರು ವರ್ಷದ ಹಿಂದೆ ದೇವನಹಳ್ಳಿ ಕಡೆ, ವಯಸ್ಸಾದವರಿಗೆಂದೇ ಕಟ್ಟಿದ ಮನೆಗಳಿರೋ ಒಂದು ಸೀನಿಯರ್ ಲಿವಿಂಗ್‌ಗೆ ಬಂದೆ ನೋಡಿ, ಮತ್ತೆ ಡ್ಯೂಟಿ ಶುರುವಾಯ್ತು.

ಕೇಳೋ ರೀತಿ ಕೇಳಿ. ‘ಅವರನ್ನ ಆಶ್ರಮಕ್ಕೆ ಹಾಕಿದ್ದಾರಂತೆ.’ ನಾವು ಏನೇನು ಹಾಕ್ತೀವಿ? ನಾಯಿಗೆ ಅನ್ನ ಹಾಕ್ತೀವಿ. ಡಬ್ಬಕ್ಕೆ ಕಾಗದ ಹಾಕ್ತೀವಿ. ಮಗೂನ ಸ್ಕೂಲಿಗೆ ಹಾಕ್ತೀವಿ, ಬಾಗಿಲಿಗೆ ಬೀಗ ಹಾಕ್ತೀವಿ, ಕಸ ಹೊರಗೆ ಹಾಕ್ತೀವಿ. ಇವುಗಳಲ್ಲಿ ಯಾವುದನ್ನೂ ‘ನಿನಗೆ ಹೋಗೋಕೆ ಇಷ್ಟ ಇದೆಯಾ’ ಅಂತ ಕೇಳಿ ಹಾಕೋ ರೂಢಿ ಇಲ್ಲ. ಸ್ವಲ್ಪ ನಾಜೂಕಿನವರು ‘ಬಿಟ್ಟಿದ್ದಾರೆ’ ಅಂತಾರೆ, ಬೆಕ್ಕಿನ ಮರೀನ ಗೋಣಿಚೀಲದಲ್ಲಿ ತುಂಬಿ ಹೊಳೆಯಾಚೆ ಬಿಟ್ಟು ಬಂದ ಹಾಗೆ. ‘ಮನೆ ಬದಲಾಯಿಸಿದ್ರಾ?’ ಅಂತ ನೆಟ್ಟಗೆ ಕೇಳಿದ್ದು ಒಬ್ಬನೇ, ಗ್ಯಾಸ್ ಏಜೆನ್ಸಿ ಹುಡುಗ.

ಹೋದ ವರ್ಷ ಚನ್ನರಾಯಪಟ್ಟಣದಲ್ಲಿ ಒಂದು ಮದುವೆ. ಎರಡನೇ ಪಂಕ್ತಿ. ಎದುರು ಸಾಲಿನಲ್ಲಿ ಗಂಡಿನ ಕಡೆಯ ಒಬ್ಬರು ಹೆಂಗಸು, ನನಗೆ ಅಷ್ಟೇನೂ ಪರಿಚಯದವರಲ್ಲ, ಕೋಸಂಬರಿ ಬೆರಳಲ್ಲಿ ಹಿಡಿದುಕೊಂಡು ಇಡೀ ಹಾಲಿಗೆ ಕೇಳೋ ಹಾಗೆ, ‘ಯಾಕ್ರೀ, ಮಗ ನೋಡ್ಕೊಳ್ಳಲ್ವಾ?’ ಅಂದರು. ಎಲೆ ಮುಂದೆ ಕೂತವಳು, ಅರ್ಧಕ್ಕೆ ಏಳೋ ಹಾಗಿಲ್ಲ. ಹೋಳಿಗೆಗೆ ತುಪ್ಪ ಬಡಿಸೋಕೆ ಬಂದ ಹುಡುಗ ಮಿಳ್ಳೆ ಹಿಡಿದುಕೊಂಡು ನಿಂತೇಬಿಟ್ಟ. ಅವನಿಗೂ ಉತ್ತರ ಬೇಕಿತ್ತು.

ನಾನು ಬಾಯಿ ತೆರೆಯೋದ್ರೊಳಗೆ ಪಕ್ಕದೆಲೆಯ ರಿಟೈರ್ಡ್ ತಹಸೀಲ್ದಾರರು ಕೇಸು ಕೈಗೆತ್ತಿಕೊಂಡರು. ‘ಹೆತ್ತವರನ್ನ ಮಕ್ಕಳು ನೋಡ್ಕೋಬೇಕು ಅಂತ 2007ರ ಕಾಯ್ದೆ ಇದೆ ಕಣ್ರೀ. ಅಸಿಸ್ಟೆಂಟ್ ಕಮಿಷನರ್ ಕೋರ್ಟಿಗೆ ಒಂದು ಅರ್ಜಿ ಹಾಕಿ, ವಕೀಲರೂ ಬೇಡ. ತಿಂಗಳಿಗೆ 10,000ದ ತನಕ ಕೊಡಿಸ್ತಾರೆ. ಮನೆ ಮಗನ ಹೆಸರಿಗೆ ಬರೆದುಕೊಟ್ಟಿದ್ದೀರಾ? ನೋಡ್ಕೋಬೇಕು ಅನ್ನೋ ಷರತ್ತು ಪತ್ರದಲ್ಲಿದ್ರೆ ಸೆಕ್ಷನ್ 23ರಲ್ಲಿ ಅದನ್ನೂ ರದ್ದು ಮಾಡಿಸಬಹುದು.’ ಕೇಸಿಗೂ ಬೇಕಾಗಿದ್ದು ‘ಹಾಕಿ’ಯೇ! ನನ್ನ ಪೆನ್ಷನ್ನೇ ಅದರ ನಾಲ್ಕರಷ್ಟಿದೆ ಸಾರ್, ಮನೆ ಇನ್ನೂ ನನ್ನ ಹೆಸರಲ್ಲೇ ಇದೆ, ಬಾಡಿಗೆ ಬರ್ತಿದೆ ಅಂದೆ. ಅವರಿಗೆ ನಿರಾಸೆಯಾಯ್ತು. ಒಂದು ತುತ್ತು ತಿಂದು, ‘ಹಂಗಾದ್ರೆ ಸೊಸೆ?’ ಅಂದರು.

ಸೊಸೆ ನನ್ನ ಹಾಗೇ ಜೋರು. ಒಂದು ಅಡುಗೆಮನೆಗೆ ಒಬ್ಬಳು ಸಾಕು. ಇದರಲ್ಲಿ ಜಗಳ ಹುಡುಕೋರು ಹುಡುಕಿಕೊಳ್ಳಿ. ಪಾಪ, ಈ ಪ್ರಶ್ನೆಯಿಂದಾಗಿ ಮಗ ನೆಂಟರ ಮದುವೆಗಳಿಗೆ ಹೋಗೋದನ್ನೇ ಬಿಟ್ಟಿದ್ದಾನೆ.

ನಾನು ಇಲ್ಲಿಗೆ ಬರೋಕೆ ಕಾರಣ ಒಂದು ಚಿಲಕ. ಹಾಸನದ ಮನೆ ಬಚ್ಚಲಿನದ್ದು. ‘ನಾಳೆ ಮಾಡಿಸ್ತೀನಿ’ ಅಂತ ಹೇಳುತ್ತಲೇ ನಮ್ಮ ಯಜಮಾನರು ಹೋಗಿಬಿಟ್ಟರು, ಚಿಲಕ ಹಾಗೇ ಉಳೀತು. ಒಂದು ದಿನ ಬೆಳಗ್ಗೆ ಏಳಕ್ಕೆ ಸ್ನಾನಕ್ಕೆ ಹೋದವಳು ಎಷ್ಟು ಎಳೆದರೂ ಅದು ಬರಲಿಲ್ಲ. ಕೂಗಿದೆ, ಚೊಂಬಿನಿಂದ ಬಾಗಿಲು ಬಡಿದೆ. ಫೋನು ಅಡುಗೆಕಟ್ಟೆ ಮೇಲೆ ಹೊಡ್ಕೊಳ್ಳೋದು ಕೇಳಿಸ್ತಿತ್ತು. ಊರಿಗೆಲ್ಲ ಲೈನ್ ಕೊಟ್ಟವಳಿಗೆ ಅವತ್ತು ಒಂದು ಲೈನಿಲ್ಲ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತೆ. ಹನ್ನೊಂದೂವರೆಗೆ ಹೂವಿನವಳು ಬಂದು ‘ಅಮ್ಮಾವ್ರೇ, ಹೂವಾ’ ಅಂತ ಕೂಗಿದಾಗ ನನ್ನ ದನಿ ಅವಳಿಗೆ ಕೇಳಿಸ್ತು. ಎದುರು ಮನೆ ಹುಡುಗ ಹಾರೆ ತಂದು ಬಾಗಿಲು ಮೀಟಿದ.

ಮಗ ಅವತ್ತೇ ರಾತ್ರಿ ಬಂದು ಸರ್ಜಾಪುರ ರಸ್ತೆಯ ಅವನ ಫ್ಲ್ಯಾಟಿಗೆ ಕರಕೊಂಡು ಹೋದ. ಹನ್ನೊಂದನೇ ಮಹಡಿ. ಐದು ತಿಂಗಳಿದ್ದೆ. ಬೆಳಗ್ಗೆ ಒಂಬತ್ತಕ್ಕೆ ಅವರೆಲ್ಲ ಹೊರಟರೆ ಮನೇಲಿ ನಾನು, ಫ್ರಿಜ್ಜು, ಗೇಟಿನ ಫೋನು. ‘ಮೇಡಂ, ಡೆಲಿವರಿ ಬಂದಿದೆ, ಕಳಿಸ್ಲಾ?’ ‘ಕಳಿಸಪ್ಪ.’ ದಿನಾ ಇದೇ. ಸಂಬಳ ಇಲ್ಲದೆ ಮತ್ತೆ ಆಪರೇಟರ್ ಆಗಿದ್ದೆ. ಅಲ್ಲೂ ಬಚ್ಚಲಿಗೆ ಹೋಗುವಾಗ ಬಾಗಿಲಿಗೆ ಸ್ಟೂಲು ಅಡ್ಡ ಇಟ್ಟೇ ಹೋಗ್ತಿದ್ದೆ. ನೋಡ್ಕೊಳ್ಳೋ ಮಗ ಅಷ್ಟು ಹೊತ್ತಿಗೆ ಮೀಟಿಂಗಿನಲ್ಲಿರ್ತಿದ್ದ. ಅವನ ತಪ್ಪಲ್ಲ ಅದು, ಅವನ ಕೆಲಸ.

ಆಮೇಲೆ ನಾನೇ ಹುಡುಕೋಕೆ ಶುರು ಮಾಡಿದೆ. ಬೆಂಗಳೂರು, ಮೈಸೂರು ನೋಡಿದೆ. ಇಂಥ ಜಾಗಗಳ ದೊಡ್ಡ ಸಂತೆಯೇ ನೆರೆದಿರೋ ಕೊಯಮತ್ತೂರಿಗೂ ಮಗನ ಜೊತೆ ಹೋಗಿ ಬಂದೆ. ಬ್ರೋಷರಿನಲ್ಲಿ ಎಲ್ಲ ಕಡೆ ಅದೇ ಬಿಳಿ ಕೂದಲಿನ ಜೋಡಿ, ಅದೇ ನಗು. ನಾನು ಮಾತ್ರ ಹೋದಲ್ಲೆಲ್ಲ ಮೊದಲು ಬಚ್ಚಲು ತೋರಿಸಿ ಅಂದೆ. ಇಲ್ಲಿನ ಬಚ್ಚಲ ಬಾಗಿಲು ಹೊರಕ್ಕೆ ತೆರೆಯುತ್ತೆ. ಒಳಗೆ ಬಿದ್ದವರ ಮೈಗೆ ತಗುಲಿ ಬಾಗಿಲು ನಿಂತುಬಿಡಬಾರದು ಅಂತ. ಚಿಲಕದ ಹೊರಮೈಯಲ್ಲಿ ಒಂದು ಗೀರಿದೆ, ಅದಕ್ಕೆ ಒಂದು ರೂಪಾಯಿ ನಾಣ್ಯ ತೂರಿಸಿ ತಿರುಗಿಸಿದರೆ ಹೊರಗಿನಿಂದಲೇ ತೆಗೆಯಬಹುದು. ಆ ಗೀರಿಗೆ ನಾನು 25 ಲಕ್ಷ ಡಿಪಾಸಿಟ್ ಕಟ್ಟಿದೆ. ಈಜುಕೊಳ, ಯೋಗ ಹಾಲು, ನಡೆಯೋಕೆ ದಾರಿ ಎಲ್ಲ ಅದರ ಜೊತೆ ಪುಕ್ಕಟೆ ಬಂದವು.

ಇನ್ನು ಕೊರತೆ. ಕಮೋಡಿನ ಪಕ್ಕ ಒಂದು ಕೆಂಪು ದಾರ ಇದೆ, ಎಳೆದರೆ ನರ್ಸಿನ ರೂಮಿನಲ್ಲಿ ಗಂಟೆ ಹೊಡೆಯುತ್ತೆ. ನೆಲದ ಮೇಲೆ ಬಿದ್ದವರ ಕೈಗೂ ಎಟುಕಲಿ ಅಂತ ಅದನ್ನು ಕೆಳಗಿನ ತನಕ ಇಳಿಬಿಟ್ಟಿರ್ತಾರೆ. ಕೆಲಸದ ಹುಡುಗಿ ನೆಲ ಒರೆಸುವಾಗ ಅಡ್ಡ ಬರುತ್ತೆ ಅಂತ ಅದಕ್ಕೆ ಗಂಟು ಹಾಕಿ ಸೊಂಟದೆತ್ತರಕ್ಕೆ ಏರಿಸಿಬಿಡ್ತಾಳೆ. ದಿನಾ ಬಿಚ್ಚೋದು ನನ್ನ ಕೆಲಸ. ಅವಳಿಗೆ ಹೇಳಿ ಒಪ್ಪಿಸೋ ಹೊತ್ತಿಗೆ ಅವಳು ಬಿಟ್ಟು ಹೋಗಿ ಬೇರೆಯವಳು ಬಂದಿರ್ತಾಳೆ. ನರ್ಸುಗಳೂ ಅಷ್ಟೇ. ಕೇರಳದಿಂದಲೋ ಜಾರ್ಖಂಡಿನಿಂದಲೋ ಬಂದ ಚಿಕ್ಕ ಹುಡುಗಿಯರು, ನಮ್ಮ ಬಿಪಿ ಮಾತ್ರೆಯ ಹೆಸರು ಬಾಯಿಪಾಠ ಆಗೋಷ್ಟರಲ್ಲಿ ಇನ್ನೊಂದು ಕಡೆ ಸಂಬಳ ಜಾಸ್ತಿ ಸಿಕ್ಕಿರುತ್ತೆ. ಹೋಗಲಿ ಬಿಡಿ, ಅವರು ಯಾಕೆ ಇರಬೇಕು?

ಡಾಕ್ಟರು ವಾರಕ್ಕೆ ಎರಡು ದಿನ. ಆಂಬುಲೆನ್ಸ್ ಗೇಟಲ್ಲೇ ನಿಂತಿರುತ್ತೆ, ಒಳ್ಳೇದು. ಆದರೆ ದೊಡ್ಡ ಆಸ್ಪತ್ರೆಗೆ ನಲವತ್ತು ನಿಮಿಷ, ಅದೂ ವಿಮಾನ ನಿಲ್ದಾಣದ ರಸ್ತೆ ಮನಸ್ಸು ಮಾಡಿದರೆ. ದುಡ್ಡಿನ ವಿಷಯಕ್ಕೆ ಬಂದರೆ, ನಾನು ಬಂದಾಗ ಊಟವೂ ಸೇರಿ ತಿಂಗಳಿಗೆ 31 ಸಾವಿರ, ಈಗ 38. ಹಾಸಿಗೆ ಹಿಡಿದರೆ ಬೇರೆ ಬ್ಲಾಕು, ಬೇರೆ ರೇಟು. ಅದನ್ನ ಸಹಿ ಹಾಕೋ ಮುಂಚೆ ಕೇಳಬೇಕು, ನಾನು ಕೇಳಿದೆ, ನನ್ನ ಮಹಡಿಯಲ್ಲಿ ಅರ್ಧ ಜನ ಕೇಳಿಲ್ಲ. ಕೊಂಡುಕೊಂಡವರ ಪಾಡು ಇನ್ನೂ ಮಜ: ಮನೆ ಮಕ್ಕಳ ಪಾಲಿಗೆ ಹೋಗುತ್ತೆ, ಆದರೆ ವಯಸ್ಸಿನ ಷರತ್ತಿರೋದ್ರಿಂದ ಅವರು ಬಂದು ಇರೋ ಹಾಗಿಲ್ಲ. ‘ರೇರಾ ಇದೆ ಮೇಡಂ’ ಅಂತ ಮಾರೋ ಹುಡುಗ ಹತ್ತು ಸಲ ಹೇಳ್ತಾನೆ. ರೇರಾ ಅಂದರೆ ಮನೆ ಕಟ್ಟಿ ಮಾರೋರ ಮೇಲೆ ಕಣ್ಣಿಡೋ ಕಾಯ್ದೆ, ಅದು ಕಟ್ಟಡಕ್ಕೆ. ಸಾರು ತೆಳ್ಳಗಾದರೆ, ನರ್ಸು ಬರದಿದ್ದರೆ ರೇರಾ ಏನು ಮಾಡುತ್ತೆ? ನಿವೃತ್ತರ ಮನೆಗಳು ಹೇಗಿರಬೇಕು ಅಂತ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿ ಅಂದರೆ ಗೊತ್ತಲ್ಲ.

ಊಟ ಶುದ್ಧ ಸಸ್ಯಾಹಾರ. ಬುಧವಾರ ಮುದ್ದೆ ಮಾಡ್ತಾರೆ, ನಿಂಬೆಹಣ್ಣಿನಷ್ಟು, ಅದನ್ನ ಚಮಚದಲ್ಲಿ ಮುರಿದು ತಿನ್ನೋರನ್ನ ಕಣ್ಣಾರೆ ನೋಡಿದ್ದೀನಿ. ಮಗ ಎರಡು ವಾರಕ್ಕೊಂದು ಭಾನುವಾರ ಬರ್ತಾನೆ, ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ಕೈಮ ಉಂಡೆ ಸಾರು. ಸೊಸೆ ಮಾಡಿದ್ದು, ತಹಸೀಲ್ದಾರರ ಗಮನಕ್ಕೆ. ಗೇಟಿನಲ್ಲಿ ಏನಿದೆ ಅಂದರೆ ‘ಅಮ್ಮನ ಔಷಧಿ’ ಅಂತಾನೆ. ವಾಸನೆ ಹೋಗೋ ತನಕ ಊದಿನಕಡ್ಡಿ ಹಚ್ಚಿಡ್ತೀನಿ. ನಾನು ಬಲು ದೈವಭಕ್ತೆ ಅಂತ ಪಕ್ಕದ ಮನೆಯವರಿಗೆ ನನ್ನ ಮೇಲೆ ಗೌರವ.

ಬಚ್ಚಲಿಂದ ನನ್ನ ಬಿಡಿಸಿದ ಹೂವಿನವಳ ವಿಷಯ ಹೇಳದೆ ಇದ್ದರೆ ಲೆಕ್ಕ ತಪ್ಪುತ್ತೆ. ಅವಳೂ ನನ್ನ ವಾರಗೆಯವಳೇ, ಒಂಟಿ. ಅವಳಿಗೆ ಬರೋದು ಸರ್ಕಾರದ ಸಂಧ್ಯಾ ಸುರಕ್ಷಾ ಪೆನ್ಷನ್, ತಿಂಗಳಿಗೆ 1,200 ರೂಪಾಯಿ. ತಹಸೀಲ್ದಾರರು ಹೇಳಿದ ಅದೇ ಕಾಯ್ದೆಯಲ್ಲಿ ಸೆಕ್ಷನ್ 19 ಅಂತಿದೆ. ಜಿಲ್ಲೆಗೊಂದಾದರೂ, ಕನಿಷ್ಠ 150 ಬಡ ವೃದ್ಧರಿಗೆ ಜಾಗ ಆಗೋ ಹಾಗೆ, ಸರ್ಕಾರ ವೃದ್ಧಾಶ್ರಮ ಸ್ಥಾಪಿಸಬಹುದು ಅಂತ. ‘ಬಹುದು’. ಮಗ ನೋಡ್ಕೊಳ್ಳಲ್ವಾ ಅಂತ ಅವಳನ್ನ ಯಾರೂ ಕೇಳಿಲ್ಲ. ಪಂಕ್ತಿಯಲ್ಲಿ ಕೂತಿದ್ದರೆ ತಾನೆ ಕೇಳೋದು?

ನನ್ನನ್ನ ಕೇಳಬೇಕಾದ್ದು ಬೇರೆ ಇತ್ತು. ಅಲ್ಲಿ ನಿಮ್ಮನ್ನ ‘ನೀನು’ ಅನ್ನೋರು ಯಾರಾದ್ರೂ ಇದ್ದಾರಾ ಅಂತ.

ಇಲ್ಲ. ಇಲ್ಲಿ 160 ಜನ ಇದ್ದೀವಿ, ಎಲ್ಲರೂ ಒಬ್ಬರನ್ನೊಬ್ಬರು ಎಪ್ಪತ್ತರ ಆಸುಪಾಸಿನಲ್ಲಿ ಪರಿಚಯ ಮಾಡಿಕೊಂಡವರು. ‘ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ.’ ಹುಡುಗಿಯರಿಗೆ ನಾನು ಆಂಟಿ, ಮ್ಯಾನೇಜರಿಗೆ ಬಿ-204. ಒಳ್ಳೆಯ ಜನ, ಸಂಜೆ ರಮ್ಮಿ ಆಡ್ತೀವಿ, ನಗ್ತೀವಿ. ಒಂದು ದಿನ ನೋಟಿಸ್ ಬೋರ್ಡಿನಲ್ಲಿ ಫೋಟೋಕ್ಕೆ ಚೆಂಡುಹೂವಿನ ಹಾರ ಬಿದ್ದಿರುತ್ತೆ, ರಮ್ಮಿಗೆ ಇನ್ನೊಬ್ಬರು ಬಂದು ಕೂರ್ತಾರೆ. ಅವರನ್ನೂ ‘ನೀವು’ ಅಂತೀವಿ. ಇದಕ್ಕೆ ಮ್ಯಾನೇಜ್‌ಮೆಂಟನ್ನ ಬೈದು ಪ್ರಯೋಜನ ಇಲ್ಲ.

ಎಕ್ಸ್‌ಚೇಂಜಿನಲ್ಲಿ ನನ್ನ ಹೆಸರು ಟ್ರಂಕು. ‘ಲೇ ಟ್ರಂಕೂ, ಬಾರೇ, ಕಾಫಿ ಬಂತು.’ ಹಾಗೆ ಕರೆಯೋರು ನಾಲ್ವರಿದ್ದರು. ಈಗ ಉಳಿದಿರೋದು ಒಬ್ಬಳು, ಅರಸೀಕೆರೆಯಲ್ಲಿ, ಮಗನ ಮನೇಲಿ. ಅವಳಿಗೆ ಕಿವಿ ಕೇಳೋಲ್ಲ. ಆಪರೇಟರಿಗೆ ಕಿವಿ! ಫೋನಿನಲ್ಲಿ ಕೂಗಿಯೇ ಮಾತಾಡಬೇಕು. ಬಾಲ್ಕನಿಯಲ್ಲಿ ಕೂತು ಕೂಗ್ತಿದ್ದೆ. ರಾತ್ರಿ 9ರ ಮೇಲೆ ಗಟ್ಟಿಯಾಗಿ ಮಾತಾಡಬಾರದು ಅಂತ ಒಂದು ಸುತ್ತೋಲೆ ಬಂತು, ಹೆಸರಿರಲಿಲ್ಲ, ಎಲ್ಲರೂ ನನ್ನ ಕಡೆಯೇ ನೋಡಿದರು. ಅವಳ ಮನೆಯವರೆಲ್ಲ ಮಲಗಿ ಫೋನು ಅವಳ ಕೈಗೆ ಬರೋದೇ ಒಂಬತ್ತೂವರೆಗೆ. ಅದಕ್ಕೆ ಈಗ ಜನರೇಟರ್ ಶೆಡ್ಡಿನ ಹಿಂದೆ ಹೋಗಿ ಕೂಗ್ತೀನಿ. ಅಲ್ಲಿನ ಸೆಕ್ಯೂರಿಟಿಯವನು ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದಾನೆ.

ಮೊನ್ನೆ ಅವಳು ಕೇಳಿದಳು. ಮಗ, ಸೊಸೆ ಅಂತೆಲ್ಲ ಕೇಳಲಿಲ್ಲ. ‘ಲೇ ಟ್ರಂಕೂ, ಅಲ್ಲಿ ತಿಂಗಳಿಗೆ ಎಷ್ಟಾಗುತ್ತೇ?’

ಅವಳ ಪೆನ್ಷನ್ನಿನಲ್ಲಿ ಅರ್ಧ ಮಗನ ಸಾಲದ ಕಂತಿಗೆ ಹೋಗುತ್ತೆ ಅಂತ ನನಗೆ ಗೊತ್ತು.

‘ಮೂವತ್ತೆಂಟು ಕಣೇ.’

‘ಹದಿನೆಂಟಾ?’

‘ಮೂವತ್ತೆಂಟು! ಮೂ-ವ-ತ್ತೆಂ-ಟು!’ ಸೆಕ್ಯೂರಿಟಿಯವನು ಟಾರ್ಚು ಹಾಕಿ ನೋಡಿದ.

‘ಹದಿನೆಂಟಾದ್ರೆ ಪರವಾಗಿಲ್ಲ ಕಣೇ,’ ಅಂದಳು. ‘ನಿನ್ನ ಪಕ್ಕದಲ್ಲಿ ಯಾವುದಾದ್ರೂ ಖಾಲಿ ಇದೆಯಾ ನೋಡಿರು.’

ನೋಡಿರ್ತೀನಿ ಅಂದೆ.