ನಮ್ಮ ಮಷಿನ್ನಾಗ ಕಂಪೈಲ್ ಆತು ಅಂದ್ರ ಸಾಲಂಗಿಲ್ಲ: ಕರ್ನಲ್ ಹೆಡರ್ ಬಗ್ಗೆ ಒಂದಿಷ್ಟು

ಗಂಗಾವತಿ, ಕಾರಟಗಿ ಕಡೆ ಅಕ್ಕಿ ಮಿಲ್ಲುಗಳಿಗೆ ನಾವು ಹಾಕಿಕೊಡೋ ಮಾನಿಟರಿಂಗ್ ಸಿಸ್ಟಂ ಒಳಗ ಒಂದು ಪಿಸಿಐ ಕಾರ್ಡ್ ಇರ್ತೈತಿ, ಅದರ ಲಿನಕ್ಸ್ ಡ್ರೈವರ್ (ಕರ್ನಲ್, ಅಂದ್ರ ಲಿನಕ್ಸಿನ ತಿರುಳು, ಕಾರ್ಡಿನ ಜೋಡಿ ಮಾತಾಡೋಕ ಬೇಕಾದ ಕೋಡ್) ನೋಡ್ಕೊಳ್ಳೋದು ನಮ್ಮ ಟೀಮ್. ಮೊದ್ಲು ಎಲ್ಲಾ 64 ಬಿಟ್ ಎಕ್ಸ್86 ಪಿಸಿ ಮ್ಯಾಲೇ ಓಡ್ತಿತ್ತು. ಸಣ್ಣ ಮಿಲ್ಲಿನವರಿಗೆ ರೇಟ್ ಭಾರ ಆಗ್ತೈತಿ ಅಂತ 32 ಬಿಟ್ ಆರ್ಮ್ ಬೋರ್ಡಿಗೆ ಹೋಗೋದು ಅಂತಾತು, ಕ್ರಾಸ್ ಕಂಪೈಲ್ (ಒಂದು ಮಷಿನ್ನಾಗ ಕೂತು ಇನ್ನೊಂದು ಥರದ ಮಷಿನ್ನಿಗೆ ಬಿಲ್ಡ್ ಮಾಡೋದು) ಹಾಕಿದ ಕೂಡ್ಲೇ 'ಇಂಪ್ಲಿಸಿಟ್ ಡಿಕ್ಲರೇಶನ್ ಆಫ್ ಫಂಕ್ಷನ್ ರೀಡ್‌ಕ್ಯೂ' ಅಂತ ಎರರ್, ಅಂದ್ರ ಆ ಫಂಕ್ಷನ್ ಎಲ್ಲೂ ಡಿಕ್ಲೇರ್ ಆಗಿಲ್ಲ ಅಂತ.

ಹೊಸದಾಗಿ ಸೇರಿದ ಹುಡುಗ ಕೇಳಿದ, "ಸರ್, ಆರ್ಮ್ ಒಳಗ ರೀಡ್‌ಕ್ಯೂ ಇಲ್ಲೇನ್ರಿ? ಹಂಗಾದ್ರ ಒಂದು ಇಫ್‌ಡೆಫ್ ಹಾಕಿ ಎರಡು ಸಲ ರೀಡ್‌ಎಲ್ ಮಾಡಿಬಿಡ್ಲೇನ್ರಿ?" (ಇಫ್‌ಡೆಫ್ ಅಂದ್ರ ಯಾವ ಮಷಿನ್ನಿಗೆ ಯಾವ ಕೋಡ್ ಕಂಪೈಲ್ ಆಗಬೇಕು ಅಂತ ಆರಿಸೋ ಷರತ್ತು, ರೀಡ್‌ಎಲ್ ಅಂದ್ರ 32 ಬಿಟ್ ಓದೋದು.)

"ತಡಿಯಪ್ಪ, ಅದನ್ನ ಕರ್ನಲ್ನವರು ಆಗ್ಲೇ ಮಾಡಿಟ್ಟಾರ, ಹೆಡರ್ ನೋಡೋಣ ಬಾ" ಅಂದೆ. ಹೆಡರ್ ಅಂದ್ರ ಫಂಕ್ಷನ್ನುಗಳ ಡಿಕ್ಲರೇಶನ್ ಬರದಿಟ್ಟ ಫೈಲ್, ಕೋಡಿನಾಗ 'ಇನ್‌ಕ್ಲೂಡ್' ಅಂತ ಹಾಕಿ ತರಿಸ್ಕೋತೀವಿ.

ವಿಷಯ ಏನಂದ್ರ, ರೀಡ್‌ಕ್ಯೂ ಅಂದ್ರ 64 ಬಿಟ್ ರಿಜಿಸ್ಟರನ್ನ ಒಂದೇ ಏಟಿಗೆ ಓದೋದು, 32 ಬಿಟ್ ಸಿಪಿಯು ಮ್ಯಾಲ ಆ ಗ್ಯಾರಂಟಿ ಕೊಡಾಕಾಗಂಗಿಲ್ಲ, ಅದಕ್ಕ ಬೇಕಂತಲೇ ಅಲ್ಲಿ ಡಿಫೈನ್ ಮಾಡಿಲ್ಲ. ಎರಡು ತುಂಡಾಗಿ ಓದಿದ್ರೂ ನಡೀತೈತಿ ಅಂತ ನಿಮ್ಮ ಡಿವೈಸಿಗೆ ಖಾತ್ರಿ ಇದ್ರ 'ಲಿನಕ್ಸ್/ಐಓ-64-ನಾನ್‌ಅಟಾಮಿಕ್-ಲೋ-ಹೈ.ಹೆಚ್' ಅಥವಾ ಅದರ ಜೋಡಿ 'ಹೈ-ಲೋ' ಹೆಡರ್ ಇನ್‌ಕ್ಲೂಡ್ ಮಾಡಬೇಕು (ಲೋ-ಹೈ ಮೊದ್ಲು ಕೆಳಗಿನ ಅರ್ಧ ಓದ್ತೈತಿ, ಹೈ-ಲೋ ಮೊದ್ಲು ಮೇಲಿನ ಅರ್ಧ). ಅದರೊಳಗ ರೀಡ್‌ಕ್ಯೂ ಮೊದ್ಲೇ ಡಿಫೈನ್ ಆಗಿಲ್ಲದಿದ್ರ ಮಾತ್ರ ತನ್ನದನ್ನ ಕೊಡ್ತೈತಿ, 64 ಬಿಟ್ ಮಷಿನ್ನಾಗ ಅಸಲಿದೇ ಉಳೀತೈತಿ. ಡ್ರೈವರ್ ಕೋಡಿನಾಗ ಒಂದೂ ಇಫ್‌ಡೆಫ್ ಬೇಕಾಗಿಲ್ಲ. ಎಷ್ಟು ಚಂದ ಕೆಲಸ ನೋಡ್ರಿ ಅದು.

ಆದ್ರ ಯಾವ ಹೆಡರ್ ಅನ್ನೋದನ್ನ ಹೇಳೋದು ಕಾರ್ಡಿನ ಡೇಟಾಶೀಟ್, ಕಂಪೈಲರ್ ಅಲ್ಲ. ನಮ್ಮ ಕಾರ್ಡಿನಾಗ ಕೆಳಗಿನ ಅರ್ಧ ಓದಿದ ತಕ್ಷಣ ಮೇಲಿನ ಅರ್ಧ ಲ್ಯಾಚ್ ಆಗ್ತೈತಿ (ಆ ಹೊತ್ತಿನ ಬೆಲೆ ಹಂಗೇ ಹಿಡಿದಿಡ್ತೈತಿ), ಹಂಗಾಗಿ ಲೋ-ಹೈ ಸರಿ. ಲ್ಯಾಚ್ ಇಲ್ಲದ ಕೌಂಟರ್ ಆಗಿದ್ರ, ಕೆಳಗಿಂದು ಓದಿ ಮೇಲಿಂದು ಓದೋದ್ರೊಳಗ ಕ್ಯಾರಿ ಆಗಿಬಿಟ್ರ (ಕೆಳಗಿಂದು ತುಂಬಿ ಮೇಲಿಂದಕ್ಕ ಒಂದು ಕೂಡಿದ್ರ) ಲೆಕ್ಕ 429 ಕೋಟಿ ಚಿಲ್ಲರೆ ಜಾಸ್ತಿ ತೋರಸ್ತೈತಿ, ಯಾವ ವಾರ್ನಿಂಗೂ ಬರಂಗಿಲ್ಲ. ಅಂಥಲ್ಲಿ ಮೇಲಿಂದು, ಕೆಳಗಿಂದು, ಮತ್ತ ಮೇಲಿಂದು ಓದಿ, ಎರಡು ಸಲದ್ದೂ ಒಂದೇ ಬರೋತನಕ ಲೂಪ್ ಹಾಕಬೇಕು.

ಇದೇ ಡ್ರೈವರಿನಾಗ ಇನ್ನೊಂದು ಹಳೇ ರೂಢಿ ಕಾಣ್ತು, ಎಲ್ಲಾ ಕಡೆ 'ಎಎಸ್‌ಎಂ/ಐಓ.ಹೆಚ್', 'ಎಎಸ್‌ಎಂ/ಯುಆಕ್ಸೆಸ್.ಹೆಚ್' (ಯೂಸರ್ ಪ್ರೋಗ್ರಾಮಿನ ಮೆಮೊರಿ ಮುಟ್ಟೋ ಫಂಕ್ಷನ್ನುಗಳ ಹೆಡರ್). ಎಎಸ್‌ಎಂ ಅಂತ ಹೆಸರು ಒಂದೇ ಇದ್ರೂ ಫೈಲ್ ಒಂದೇ ಅಲ್ರಿ. ಎಕ್ಸ್86ಗೆ ಬಿಲ್ಡ್ ಮಾಡಿದ್ರ ಎಕ್ಸ್86 ಡೈರೆಕ್ಟರಿಯಿಂದ ಬರ್ತೈತಿ, ಆರ್ಮಿಗೆ ಮಾಡಿದ್ರ ಆರ್ಮ್ ಡೈರೆಕ್ಟರಿಯಿಂದ, ಆ ಆರ್ಕಿಟೆಕ್ಚರಿಗೆ ಸ್ವಂತದ್ದು ಇಲ್ಲಂದ್ರ ಎಷ್ಟೋ ಹೆಡರಿಗೆ ಬಿಲ್ಡ್ ಸಿಸ್ಟಮ್ಮೇ ಒಂದು ಸಾಲಿನ ಫೈಲ್ ಹುಟ್ಟಿಸಿ ಎಎಸ್‌ಎಂ-ಜೆನೆರಿಕ್ ಕಡೆ ಕಳಸ್ತೈತಿ. ಒಂದೊಂದು ತನ್ನ ಜೋಡಿ ಬ್ಯಾರೆ ಬ್ಯಾರೆ ಹೆಡರ್ ಎಳ್ಕೊಂಡು ಬರ್ತೈತಿ. 2015ರ ತನಕ ಎಕ್ಸ್86ದ ಐಓ ಹೆಡರ್ ಸುಮ್ಮಸುಮ್ಮನ ವಿಮ್ಯಾಲಾಕ್ (ಮೆಮೊರಿ ಕೊಡೋ ಫಂಕ್ಷನ್) ಹೆಡರನ್ನ ಎಳ್ಕೊಂಡು ಬರ್ತಿತ್ತು, ಅದನ್ನ ತೆಗದಾಗ ಸ್ವತಃ ಕರ್ನಲ್ ಟ್ರೀ (ಕರ್ನಲ್ನ ಇಡೀ ಮೂಲ ಕೋಡ್) ಒಳಗೇ ಬಿಲ್ಡ್ ಮುರಿದ ಫೈಲುಗಳನ್ನ ಸರಿ ಮಾಡಬೇಕಾತು, ಯಾಕಂದ್ರ ವಿಮ್ಯಾಲಾಕ್ ಬಳಸಿದವರು ಅದರ ಹೆಡರ್ ತಾವು ಹಾಕಿರಲೇ ಇಲ್ಲ.

ಅದಕ್ಕ ಕರ್ನಲ್ ಸಬ್ಮಿಟ್ ಚೆಕ್‌ಲಿಸ್ಟಿನಾಗೇ ಬರದಾರ, ಯಾವುದನ್ನ ಬಳಸ್ತೀರೋ ಅದನ್ನ ಡಿಕ್ಲೇರ್ ಮಾಡಿದ ಹೆಡರ್ ನೀವೇ ಹಾಕ್ರಿ, ಇನ್ನೊಂದು ಹೆಡರ್ ತರ್ತೈತಿ ಅಂತ ನಂಬಬ್ಯಾಡ್ರಿ ಅಂತ. ಲಿನಕ್ಸ್ ಡೈರೆಕ್ಟರಿಯಾಗ ಅದೇ ಹೆಸರಿನ ಹೆಡರ್ ಇದ್ರ ಅದನ್ನೇ ತಗೋಬೇಕು, ಪ್ಯಾಚ್ (ಕೋಡಿನ ತಿದ್ದುಪಡಿ) ತಪಾಸಣಿ ಮಾಡೋ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿದ್ರ ಅದೂ ಇದನ್ನೇ ಹೇಳ್ತೈತಿ. ಯುಆಕ್ಸೆಸ್ ಹೆಡರನ್ನಂತೂ ಲಿನಕ್ಸ್ ಹುಟ್ಟಿಸಿದ ಲೀನಸ್ ಟೊರ್ವಾಲ್ಡ್ಸ್ 2016ರ ಡಿಸೆಂಬರಿನಾಗ ಇಡೀ ಟ್ರೀ ತುಂಬಾ ಒಮ್ಮೆಲೇ ಎಎಸ್‌ಎಂನಿಂದ ಲಿನಕ್ಸಿಗೆ ಬದಲಿಸಿದ್ರು.

ಲಿನಕ್ಸ್ ಕಡೆ ಜೋಡಿ ಇಲ್ಲದಿದ್ರ ಎಎಸ್‌ಎಂ ಹಾಕೋದು ತಪ್ಪಲ್ಲ. ಅನ್‌ಅಲೈನ್ಡ್ (ಸರಿಯಾದ ಗಡಿಗೆ ಕೂಡದ ವಿಳಾಸದಾಗಿನ ಡೇಟಾ ಓದೋ, ಬರೆಯೋ) ಹೆಡರ್ ಬಹಳ ವರ್ಷ ಹಂಗೇ ಇತ್ತು, 2024ರಾಗ ಬಂದ 6.12 ಕರ್ನಲ್ನಾಗ ಅದು ಲಿನಕ್ಸ್ ಡೈರೆಕ್ಟರಿಗೆ ಹೋತು. ಟ್ರೀ ಒಳಗಿನ ಡ್ರೈವರ್ ಎಲ್ಲಾ ಅವರೇ ತಿದ್ದಿದ್ರು, ನಮ್ಮಂಗ ಹೊರಗಿಟ್ಕೊಂಡವರು ವರ್ಷನ್ ನೋಡಿ ಇನ್‌ಕ್ಲೂಡ್ ಮಾಡಬೇಕಾತು. ಆ ಚೆಕ್ಕನ್ನ ಹತ್ತು ಫೈಲಿಗೆ ಹರಡಬ್ಯಾಡ್ರಿ, ಒಂದೇ ಕಂಪ್ಯಾಟ್ (ಹಳೇ, ಹೊಸ ಕರ್ನಲ್ ಎರಡಕ್ಕೂ ಹೊಂದಿಸೋ) ಹೆಡರಿನಾಗ ಇಡ್ರಿ.

ಈಗ ನಮ್ಮಲ್ಲಿ ಪ್ರತಿ ಪ್ಯಾಚ್ 64 ಬಿಟ್ ಎಕ್ಸ್86, 32 ಬಿಟ್ ಆರ್ಮ್, ಆರ್ಮ್64 ಮೂರಕ್ಕೂ ಬಿಲ್ಡ್ ಆಗಬೇಕು. ಮತ್ತ 'ಈ ಇನ್‌ಕ್ಲೂಡ್ ತೆಗದ್ರೂ ಕಂಪೈಲ್ ಆಗ್ತೈತ್ರಿ' ಅನ್ನೋ ಪ್ಯಾಚ್ ಬಂದ್ರ, ಆ ಫೈಲಿನಾಗ ಅದರ ಫಂಕ್ಷನ್ ಒಂದಾದ್ರೂ ಬಳಕಿ ಐತೇನು ಅಂತ ಹುಡುಕ್ತೀನಿ, ಇದ್ರ ವಾಪಸ್ ಕಳಸ್ತೀನಿ.